ಊದದ ಸ್ವರಕ್ಕೊಂದು ಹೂಂ

"ಸ್ವರ ಸರಿಯಾಗೇ ಇದೆ, ಬಣ್ಣ ಇಲ್ಲ ಅಂದ್ರು," ಎನ್ನುತ್ತಾ ಮಗಳು ಕೊಳಲಿನ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎಂದರೆ ಸರಿ.

"ಯಾವ ಬಣ್ಣ ಬೇಕಂತೆ ನಿಮ್ಮ ಮೇಷ್ಟ್ರಿಗೆ?" ನನ್ನ ಗಂಡ ಕಾಲುಚೀಲ ಬಿಚ್ಚುತ್ತಾ ಕೇಳಿದರು. ದಿನವಿಡೀ ಬಸ್ಸು ಓಡಿಸಿ ಬಂದವರಿಗೆ ಮೊದಲು ಕಾಲು ಬಿಡುಗಡೆಯಾಗಬೇಕು, ಆಮೇಲೆ ಉಳಿದದ್ದು. "ಬಚ್ಚಲುಮನೆ ಬಾಗಿಲಿಗೆ ಹೊಡೆದು ಮಿಕ್ಕಿರೋ ಹಸಿರು ಅರ್ಧ ಡಬ್ಬ ಇದೆ. ತಗೊಂಡು ಹೋಗಿ ಬಳಿದುಬಿಡು, ತುತ್ತೂರಿ."

ತುತ್ತೂರಿ ಎನ್ನುವುದು ಅವರು ಮಗಳಿಗೆ ಇಟ್ಟ ಹೆಸರು. ಬೇರೆ ದಿನವಾಗಿದ್ದರೆ ಅವಳು ಜಗಳಕ್ಕೆ ಬರುತ್ತಿದ್ದಳು. ಅವತ್ತು ಬರಲಿಲ್ಲ.

ವಿಷಯ ಇಷ್ಟು. ಅವಳ ವಾದ್ಯವೃಂದದ ಹೊಸ ರಚನೆ ಕೊಳಲಿನ ಒಂದೇ ಸ್ವರದಿಂದ ಶುರುವಾಗುತ್ತದೆ. ತೀರಾ ಕೆಳಗಿನ, ಉದ್ದನೆಯ ಸ್ವರ. ಆಗ ಬೇರೆ ಯಾವ ವಾದ್ಯವೂ ಸದ್ದು ಮಾಡುವುದಿಲ್ಲ. ಅದು ಮುಗಿಯುವ ಮೊದಲೇ ಪಿಟೀಲು ಬಂದು ಸೇರಿಕೊಳ್ಳುತ್ತದೆ, ಅದರ ಹಿಂದೆ ಉಳಿದವರು. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಕೂತು ಊದಿದ ಮಗಳಿಗೆ ಮೊದಲ ಸಲ ಒಬ್ಬಳೇ ಕೇಳಿಸುವ ಅವಕಾಶ ಸಿಕ್ಕಿತ್ತು. ಶನಿವಾರದ ಹೊತ್ತಿಗೆ ಆ ಸ್ವರಕ್ಕೆ ಜೀವ ಬರದಿದ್ದರೆ ಆರಂಭವನ್ನೂ ಪಿಟೀಲಿಗೇ ಕೊಡುತ್ತೇನೆ ಎಂದು ಮೇಷ್ಟ್ರು ಹೇಳಿದ್ದರು. ಬೈದು ಹೇಳಿದ್ದರೆ ಅಷ್ಟು ನಾಟುತ್ತಿರಲಿಲ್ಲವೇನೋ. ಮೆತ್ತಗೆ ಹೇಳಿದರಂತೆ.

ಅಂದಿನಿಂದ ಮನೆಯಲ್ಲಿ ಅದೊಂದೇ ಸ್ವರ. ಕೊಳಲನ್ನು ತುಟಿಯ ಕಡೆಗೆ ಒಂಚೂರು ತಿರುಗಿಸಿ ಊದುತ್ತಾಳೆ, ಆಚೆಗೆ ತಿರುಗಿಸಿ ಊದುತ್ತಾಳೆ. ತುಟಿಯ ಸಂದು ಹಿಗ್ಗಿಸುತ್ತಾಳೆ, ಕುಗ್ಗಿಸುತ್ತಾಳೆ. ಬಚ್ಚಲುಮನೆಯಲ್ಲಿ ನಿಂತರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಅದು ಗೋಡೆಯ ಉಪಕಾರ, ನನ್ನದಲ್ಲ ಎಂದು ಹೊರಗೆ ಬರುತ್ತಾಳೆ. ಸ್ವರ ಗೆರೆ ಎಳೆದಷ್ಟು ನೆಟ್ಟಗೆ ಬರುತ್ತಿತ್ತು. ಅದೇ ತೊಂದರೆ. ಗೆರೆಯ ಹಾಗೆಯೇ ಕೇಳಿಸುತ್ತಿತ್ತು.

ನನಗೆ ಸಂಗೀತ ಗೊತ್ತಿಲ್ಲ. ನನ್ನ ಕೆಲಸ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂತರೆ ಸಂಜೆಯವರೆಗೆ ಊರಿನ ಕೊಳಾಯಿಗಳೆಲ್ಲ ನನ್ನ ಕಿವಿಯಲ್ಲೇ ಸೋರುತ್ತವೆ. ಅಲ್ಲಿ ಮಾತಿಗಿಂತ ಹೂಂ ಎನ್ನುವುದೇ ಜಾಸ್ತಿ. ಸುಮ್ಮನಿದ್ದರೆ ಆ ಕಡೆಯವರು "ಹಲೋ, ಇದೀರಾ?" ಎಂದು ಕಥೆಯನ್ನು ಮೊದಲಿಂದ ತೆಗೆಯುತ್ತಾರೆ. "ಅಕ್ಕಾ, ನಿಮ್ಮ ಹೂಂ ಕೇಳಿದ್ರೆ ಅರ್ಧ ಜನಕ್ಕೆ ನಲ್ಲೀಲಿ ನೀರು ಬಂದಷ್ಟೇ ಸಮಾಧಾನ," ಎಂದು ಪಕ್ಕದ ಮೇಜಿನವಳು ನಗುತ್ತಿರುತ್ತಾಳೆ.

ಗುರುವಾರ ಸಂಜೆ ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಮಗಳು ಬಾಗಿಲಲ್ಲಿ ನಿಂತು ಊದಿದಳು.

"ಅಮ್ಮಾ, ಈಗ ಬೇರೆ ಥರ ಇತ್ತಾ?"

"ಹೂಂ."

ಇನ್ನೊಮ್ಮೆ ಊದಿದಳು. "ಇದು?"

"ಹೂಂ."

"ಇದು? ಇದು ಇನ್ನೂ ಬೆಚ್ಚಗಿತ್ತಲ್ವಾ?"

"ಹೂಂ, ಹೂಂ."

"ಅಮ್ಮಾ, ಈಗ ನಾನು ಊದೇ ಇಲ್ಲ."

ನಾನು ತಿರುಗಿ ನೋಡಿದೆ. ಕೊಳಲು ಅವಳ ಕಂಕುಳಲ್ಲಿತ್ತು. ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದ ನನ್ನ ಗಂಡನ ನಗು ಮಾತ್ರ ನಮ್ಮಿಬ್ಬರಿಗೂ ಕೇಳಿಸಿತು.

"ಇವತ್ತು ತಲೆ ಎಲ್ಲೋ ಇತ್ತು ಕಣೇ," ಎಂದೆ.

"ನಂಗೊತ್ತು. ಅದು ಆಫೀಸಿನ ಹೂಂ." ಅವಳಿಗೆ ಸಿಟ್ಟು ಬಂದಿತ್ತು. ಆದರೆ ಅಪ್ಪನ ನಗು ಕೇಳಿ ಅದು ಅರ್ಧದಲ್ಲೇ ದಾರಿ ತಪ್ಪಿತು. ಗಲ್ಲ ಎದೆಗೆ ಒತ್ತಿಕೊಂಡು ನನ್ನ ಹಾಗೆಯೇ ಹೂಂ ಎಂದಳು. ಒಣಗಿದ, ಮೂಗಿನಿಂದ ಬಂದ ಹೂಂ. "ಇದು ಆಫೀಸಿಂದು. ದೊಡ್ಡಮ್ಮ ಫೋನಲ್ಲಿ ಮೊಣಕಾಲಿನ ಕಥೆ ಹೇಳ್ತಾರಲ್ಲ, ಆಗ ಹೀಗೆ." ಈ ಸಲದ ಹೂಂ ಸೋಫಾದ ಮೇಲೆ ಕಾಲು ಚಾಚಿ ಮಲಗಿತ್ತು. "ಅಪ್ಪ ಬಲ್ಬು ನಾಳೆ ಹಾಕ್ತೀನಿ ಅಂದಾಗ..."

"ಅದು ಬೇಡ!" ಒಳಗೆ ಬಂದ ಅಪ್ಪ ಕೈ ಎತ್ತಿದರು. "ಇನ್ನೊಂದಿದೆ ನೋಡು. ನಾನು ಸ್ನೇಹಿತರ ಜೊತೆ ಹೊರಟಾಗ ‘ಹೂಂ, ಹೋಗಿ ಬನ್ನಿ’ ಅಂತಾಳೆ. ಅದು ಬಿತ್ತು ಅಂದ್ರೆ ನಾನು ಚಪ್ಪಲಿ ಬಿಚ್ಚಿಟ್ಟು ವಾಪಸ್ ಬರ್ತೀನಿ."

"ಇಬ್ಬರೂ ಸೇರಿ ನನ್ನನ್ನೇ ಹೆಚ್ಚಿ," ಎಂದು ಚಾಕು ಕೆಳಗಿಟ್ಟೆ.

ಮಗಳು ನಗುತ್ತಲೇ ಆ ಹೂಂ ಅನ್ನೂ ಅಂದು ನೋಡಿದಳು. ಮತ್ತೆ ಮೊಣಕಾಲಿನ ಕಥೆಯದು. ಮತ್ತೆ ಆಫೀಸಿನದು. ನಗು ಮೆಲ್ಲಗೆ ಇಳಿಯಿತು. ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡಳು.

"ಅಮ್ಮಾ, ಸ್ವರ ಎಲ್ಲದರಲ್ಲೂ ಒಂದೇ."

"ಏನು ಒಂದೇ?"

"ಎತ್ತರ ಒಂದೇ. ಜೋರೂ ಒಂದೇ. ಬಾಯೊಳಗಿನ ಆಕಾರ ಮಾತ್ರ ಬೇರೆ." ನಾಲಿಗೆಯನ್ನು ಒಳಗೇ ಎಲ್ಲಿಗೋ ಸರಿಸಿಕೊಂಡು ನಿಂತಳು. "ಇಷ್ಟು ದಿನ ನಾನು ಬರೀ ತುಟಿ ನೋಡ್ಕೊಂಡಿದ್ದೆ."

ಕೊಳಲು ತೆಗೆದು ಊದಿದಳು. ಚಮತ್ಕಾರವೇನೂ ಆಗಲಿಲ್ಲ. ಬರೀ ಗಾಳಿ ಬಂತು. ಎರಡನೆಯ ಸಲ ಸ್ವರ ಜಾರಿ ಮೇಲಕ್ಕೆ ಹಾರಿ ಕಿರುಚಿತು. "ತುತ್ತೂರಿ," ಎಂದು ಅಪ್ಪ ಪೇಪರಿಗೆ ಮರಳಿದರು. ಊಟವಾಗಿ ಪಾತ್ರೆ ತೊಳೆಯುವಾಗ ಒಮ್ಮೆ ಆ ಸ್ವರ ಬೇರೆಯಾಗಿ ಕೇಳಿಸಿತು. ಖಾಲಿ ಮಣ್ಣಿನ ಮಡಕೆಯೊಳಗೆ ಯಾರೋ ಮಾತಾಡಿದ ಹಾಗೆ. ಈ ಸಲ ನಾನು ನಿಜವಾಗಿ ಕೇಳಿಸಿಕೊಂಡಿದ್ದೆ. ನೀರು ನಿಲ್ಲಿಸಿ ನಿಂತೆ.

ಶನಿವಾರ ಮಧ್ಯಾಹ್ನ ಕೆಲಸದಿಂದ ನೇರವಾಗಿ ಅಭ್ಯಾಸದ ಕೋಣೆಗೆ ಹೋದೆ. ಹಿಂದಿನ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಿಟೀಲಿನ ಹುಡುಗಿ ತಂತಿ ಸರಿಮಾಡಿಕೊಂಡು ಸಿದ್ಧವಾಗಿದ್ದಳು. ಆರಂಭ ತನಗೇ ಬರಬಹುದೆಂದು ಅವಳೂ ಕಲಿತುಕೊಂಡು ಬಂದಿದ್ದಳು. ಅವಳದೇನು ತಪ್ಪು?

"ಎಲ್ಲಿ, ಕೇಳೋಣ," ಎಂದರು ಮೇಷ್ಟ್ರು.

ಮಗಳು ಊದಿದಳು. ಮಡಕೆಯ ಸ್ವರ ಅಲ್ಲ, ಹೊಳಪಿನದು, ತುದಿಗೆ ಬೆಳಕು ಹಚ್ಚಿದಂಥದ್ದು. ಮೇಷ್ಟ್ರ ಹುಬ್ಬು ಮೇಲೆ ಹೋಯಿತು. ಅವರು ಏನಾದರೂ ಹೇಳುವ ಮೊದಲೇ ಅವಳು ಅದೇ ಸ್ವರವನ್ನು ಇನ್ನೊಂದು ಬಗೆಯಲ್ಲಿ ಊದಿದಳು, ದುಂಡಗೆ, ತುಂಬಿಕೊಂಡ ಹಾಗೆ. ಆಮೇಲೆ ಇನ್ನೊಂದು. ಅದರಲ್ಲಿ ಸ್ವಲ್ಪ ಗಾಳಿ ಬೆರೆತಿತ್ತು. ನಿದ್ದೆಯಿಂದ ಈಗ ಎದ್ದವರ ದನಿಯ ಹಾಗೆ ಹೊಳಪೇ ಇಲ್ಲದ, ಟೊಳ್ಳು ಸ್ವರ.

"ಮೊದಲನೇದು ಚೆನ್ನಾಗಿದೆ," ಎಂದರು ಮೇಷ್ಟ್ರು. "ಎಲ್ಲರಿಗೂ ಹಿಡಿಸುತ್ತೆ ಅದು. ಅದನ್ನೇ ಇಟ್ಕೊ."

ನನಗೆ ಉಸಿರು ಬಂತು. ಸಿಕ್ಕಿತಲ್ಲ, ಇನ್ನೇನು ಬೇಕು, ಹೂಂ ಅಂದುಬಿಡೇ ಎಂದುಕೊಂಡೆ.

"ಸಾರ್, ನಾನು ಕೊನೇದು ಊದ್ಲಾ?"

"ಅದು ಮಂಕಲ್ವೇನಮ್ಮಾ?"

"ಮಂಕೇ ಸಾರ್. ಮೊದಲನೇದು ಊದಿದ್ರೆ ಎಲ್ಲಾ ನಾನೇ ಹೇಳಿ ಮುಗಿಸಿದ ಹಾಗಾಗುತ್ತೆ. ಹಿಂದೇನೇ ಪಿಟೀಲು ಬರಬೇಕಲ್ಲ? ಅದಕ್ಕೆ ಜಾಗ ಎಲ್ಲಿರುತ್ತೆ?"

ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಒಪ್ಪಿದರೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ. ಕನ್ನಡಕ ಹಾಕಿಕೊಂಡು ತಾಳ ತೋರಿಸುವ ಕೋಲೆತ್ತಿದರು. "ಸರಿ, ಸೇರಿಸಿ ನೋಡೋಣ."

ಟೊಳ್ಳು ಸ್ವರ ಶುರುವಾಯಿತು. ಎಲ್ಲಿ ಶುರುವಾಯಿತೆಂದೇ ತಿಳಿಯದಷ್ಟು ಮೆಲ್ಲಗೆ. ಅದು ಏನನ್ನೂ ಹೇಳುತ್ತಿರಲಿಲ್ಲ. ಕಾಯುತ್ತಿತ್ತು. ನಾನು ಬೆಂಚಿನ ತುದಿಗೆ ಬಂದಿದ್ದೆ. ಅಷ್ಟರಲ್ಲಿ ಪಿಟೀಲಿನ ಹುಡುಗಿ, ತಾನು ಕಲಿತು ಬಂದ ಜೋರಿನಲ್ಲೇ, ಕಮಾನನ್ನು ಬಲವಾಗಿ ಎಳೆದಳು.

ಮೇಷ್ಟ್ರು ಕೋಲು ಬಡಿದು ನಿಲ್ಲಿಸಿದರು. ಮಗಳು ಕೊಳಲನ್ನು ತುಟಿಯಿಂದ ಇಳಿಸಲಿಲ್ಲ.

"ಪಿಟೀಲು, ನಿಧಾನ," ಎಂದರು ಅವರು. "ಅವಳು ಬಾಗಿಲು ತೆಗೆದಿಟ್ಟಿದಾಳೆ. ಒದ್ದುಕೊಂಡು ಬರ್ಬೇಡ."

ಎಲ್ಲರೂ ನಕ್ಕರು, ಪಿಟೀಲಿನ ಹುಡುಗಿಯೂ. ಅವಳು ಕಮಾನನ್ನು ತಂತಿಯ ಮೇಲೆ ಹಗುರವಾಗಿ ಇಟ್ಟು, ನನ್ನ ಮಗಳ ಕಡೆ ತಿರುಗಿ ಕೂತಳು.

"ಮೊದಲಿಂದ. ಕೊಳಲು," ಎಂದರು ಮೇಷ್ಟ್ರು.