ಹೊಸ್ತಿಲಾಚೆಯ ಅಜ್ಜಿ

ಹೊಟ್ಟೆಯೊಳಗೆ ಯಾರು ಬಿಡಾರ ಹೂಡಿದ್ದಾರೆಂದು ಹೊಟ್ಟೆಯ ಒಡತಿಗೇ ಗೊತ್ತಿರುವುದಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸೌಟು ಹಿಡಿದ ಅಮ್ಮ ಕಲ್ಲು ತಿಂದು ಕರಗಿಸುವ ಗಟ್ಟಿಗಿತ್ತಿ. ಜ್ವರವಿಲ್ಲ, ನೋವಿಲ್ಲ, ಆದರೂ ಅಡುಗೆಯವರಿಗೆಲ್ಲ ಮಾಡುವ ಮಲಪರೀಕ್ಷೆಯಲ್ಲಿ ಟೈಫಾಯ್ಡ್ ರೋಗಾಣು ಸಿಕ್ಕಿಬಿತ್ತು. ಔಷಧಿ ಮುಗಿದ ಮೇಲೆ ಮೂರು ಸಲ ಪರೀಕ್ಷೆ, ಮೂರರಲ್ಲೂ ಅದು ಕಾಣದಿದ್ದರೆ ಬಿಡುಗಡೆ.

ಕೈ ಚೆನ್ನಾಗಿ ತೊಳೆದುಕೊಂಡು ಮೊಮ್ಮಗಳನ್ನು ಎತ್ತಿಕೊಳ್ಳಬಹುದೆಂದು ಡಾಕ್ಟರೇ ಹೇಳಿದ್ದರು. ಅಮ್ಮ ಕೇಳಬೇಕಲ್ಲ!

"ಮೂರೂ ರಿಪೋರ್ಟ್ ಬರ್ಲಿ, ಆಮೇಲೆ ಮುಟ್ತೀನಿ."

ಹೀಗೆ ಹಟ ಹಿಡಿದವಳು ಐದು ತಿಂಗಳಿಂದ ಹೊಸ್ತಿಲಾಚೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಅಲ್ಲಿಂದಲೇ ಚಪ್ಪಾಳೆ, ಅಲ್ಲಿಂದಲೇ ಮುದ್ದು. ಮಗು ಅಂಬೆಗಾಲಿಟ್ಟು ಹತ್ತಿರ ಬಂದರೆ ಸ್ಟೂಲು ಹಿಂದೆ ಸರಿಯುತ್ತಿತ್ತು. ಅದನ್ನು ಕಂಡಾಗಲೆಲ್ಲ ಮಗಳು ತನ್ನ ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಮಗಳ ಕೆಲಸ ಅದೇ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ. ಎರಡು ರಿಪೋರ್ಟು ಚೊಕ್ಕವಾಗಿ ಬಂದಿದ್ದವು. ಮೂರನೆಯ ಸಲದ ಮಲವನ್ನು ಸವರಿ ರೋಗಾಣು ಬೆಳೆಸಿದ ಪ್ಲೇಟನ್ನು ಬೆಳಕಿಗೆ ಹಿಡಿದರೆ ಬಣ್ಣವಿಲ್ಲದ ಚುಕ್ಕೆಗಳು, ಒಂದೊಂದರ ನಡುವೆಯೂ ಕಪ್ಪು ಬೊಟ್ಟು. ಟೈಫಾಯ್ಡ್ ರೋಗಾಣು ಬೆಳೆದರೂ ಕಾಣುವುದು ಹೀಗೆಯೇ.

"ಪ್ರೋಟಿಯಸ್ ಕೂಡ ಇದೇ ವೇಷ ಹಾಕ್ತಾನೆ ಕಣಮ್ಮ," ಎಂದರು ಹಿರಿಯ ತಂತ್ರಜ್ಞರು. ಮಾತಿಗೊಮ್ಮೆ ತಾಳ್ಮೆ ಬೋಧಿಸುವ ಅವರಿಗೆ ತಾಳ್ಮೆ ಸಾರ್ ಎಂದೇ ಹೆಸರು. "ಅವನು ಕರುಳಿನ ಹಳೇ ಬಾಡಿಗೆದಾರ, ಹೆದರ್ಬೇಡ. ಯೂರಿಯಾದಲ್ಲಿ ಹಾಕಿ ನೋಡು. ಅವನಾದ್ರೆ ಗುಲಾಬಿ ಮಾಡ್ತಾನೆ. ಟೈಫಾಯ್ಡಿನವನಿಗೆ ಆ ವಿದ್ಯೆ ಬರಲ್ಲ."

ಚುಕ್ಕೆಯೊಂದನ್ನು ತಂತಿಯ ತುದಿಯಲ್ಲೆತ್ತಿ, ಹಳದಿ ಯೂರಿಯಾದ ನಳಿಕೆಯಲ್ಲಿ ಸವರಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಳು. ಗಂಟೆ ಕಳೆಯುವ ಮೊದಲೇ ತೆರೆದು ನೋಡಿದಳು. ಹಳದಿ. ಮತ್ತೆ ತೆರೆದಳು. ಹಳದಿಯೇ.

"ತಾಳಿದವನು ಬಾಳಿಯಾನು. ಪದೇ ಪದೇ ಬಾಗಿಲು ತೆಗೆದ್ರೆ ಅವಕ್ಕೆ ಚಳಿ ಆಗತ್ತಮ್ಮ."

"ನಮ್ಮಮ್ಮಂಗೆ ಹೊಸ್ತಿಲಾಚೆ ಐದು ತಿಂಗಳಿಂದ ಆಗ್ತಿದೆ ಸಾರ್."

ತಾಳ್ಮೆ ಸಾರ್ ತಾವೇ ಪೆಟ್ಟಿಗೆಯ ಬಾಗಿಲು ಮುಚ್ಚಿದರು.

ಮಧ್ಯಾಹ್ನ ಮೂರಕ್ಕೆ ನಳಿಕೆ ಗುಲಾಬಿಯಾಗಿತ್ತು. ಉಳಿದ ಚುಕ್ಕೆಗಳನ್ನೂ ಬಿಡದೆ ಪರೀಕ್ಷಿಸಿದರು; ಮರುದಿನ ಎಲ್ಲವೂ ಪ್ರೋಟಿಯಸ್ ಎಂದು ಖಚಿತವಾಯಿತು. ತಾಳ್ಮೆ ಸಾರ್ ತಾಳ್ಮೆಗೆಟ್ಟು, ಚಹಾವನ್ನು ಅರ್ಧಕ್ಕೇ ಬಿಟ್ಟು ಬಂದು ಸಹಿ ಹಾಕಿದರು.

ರಿಪೋರ್ಟನ್ನು ಎರಡು ಸಲ ಓದಿಸಿಕೊಂಡ ಅಮ್ಮ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದಳು. ಹೊಸ್ತಿಲು ದಾಟಿದಳು. ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು.

"ಬಂದೆ ಕಣೇ ಬಂಗಾರ, ಅಜ್ಜಿ ಬಂದೆ."

ಮಗು ಅಳಲಿಲ್ಲ. ಬುದ್ಧಿ ಬಂದಾಗಿನಿಂದ ಇಷ್ಟು ಹತ್ತಿರದಲ್ಲಿ ಕಾಣದ ಆ ಮುಖವನ್ನು ಪಿಳಿಪಿಳಿ ನೋಡಿತು. ಆಮೇಲೆ ಅವಳ ಹೆಗಲ ಮೇಲಿಂದ ಕತ್ತು ಚಾಚಿ, ಹೊಸ್ತಿಲಾಚೆಯ ಖಾಲಿ ಸ್ಟೂಲಿನತ್ತ ಚಪ್ಪಾಳೆ ತಟ್ಟಿ, "ಜ್ಜೀ... ಜ್ಜೀ..." ಎಂದು ಕರೆಯತೊಡಗಿತು.

ಅಮ್ಮ ಕಣ್ಣೊರೆಸಿಕೊಂಡು, ಮಗುವನ್ನು ಎತ್ತಿಕೊಂಡೇ ಹೋಗಿ ಆ ಸ್ಟೂಲಿನ ಮೇಲೆ ಕೂತಳು.