ಉಪ್ಪಿನ ನೇಮ

ಗೋಡೆಯ ಮೇಲಿನ ಬಿಸಿಲಿನ ಪಟ್ಟಿ ಕಪಾಟಿನ ಹಿಡಿಕೆಗೆ ಬಂತು, ಹಿಡಿಕೆ ದಾಟಿ ಮೂಲೆ ಸೇರಿದರೆ ಮುಗಿಯಿತು, ಹೊತ್ತು ಮುಳುಗಿದ ಹಾಗೆ, ಆಮೇಲೆ ಆಯಿ, ನನ್ನ ಅಪ್ಪನ ತಾಯಿ, ಬಾಯಿಗೆ ನೀರು ಕೂಡ ಹಾಕಿಕೊಳ್ಳುವುದಿಲ್ಲ, ಜೈನರ ಮನೆಯ ಒಲೆ ಸೂರ್ಯನಿಗಿಂತ ಮೊದಲೇ ಆರುತ್ತದೆ — ಅವಳ ಹುಕ್ಕೇರಿಯಿಂದ ನಾನಿರುವ ಮೂಡಲಗಿಗೆ ಎಷ್ಟು ದೂರ, ಅಪ್ಪನ ತಮ್ಮ ಕುಂಥುನಾಥ ಕಾಕಾ ಜೀಪು ಜೋರಾಗಿ ಓಡಿಸಿದರೂ ಘಟಪ್ರಭೆಯ ರೈಲ್ವೆ ಗೇಟು ಬಿದ್ದಿದ್ದರೆ, ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದಿದ್ದರೆ, ಹಿಂದಿನ ಸೀಟಿನಲ್ಲಿ ಆಯಿ ಒರಗಿಕೊಂಡು ಕೆಮ್ಮುತ್ತಿದ್ದರೆ, ನಿಲ್ಲಿಸಬೇಕಾಗಿ ಬಂದರೆ — ಮುಷ್ಟಿ ಬಿಚ್ಚಿ ನೋಡುತ್ತೇನೆ, ಇದೆ, ಹರಳುಪ್ಪು, ಅವ್ವ ಹಳೇ ರೂಢಿಯಿಂದ ತಟ್ಟೆಯ ಅಂಚಿಗಿಟ್ಟದ್ದನ್ನು ಊಟ ಮುಗಿದ ಮೇಲೆ ಎತ್ತಿಟ್ಟುಕೊಂಡೆ, ಒಂದೇ ಹರಳು, ಜೋಳದ ಕಾಳಿಗಿಂತ ತುಸು ದೊಡ್ಡದು, ಮತ್ತೆ ಮುಚ್ಚುತ್ತೇನೆ. ಮುಚ್ಚ, ಕರಗೀತು, ಅನ್ನುತ್ತಿದ್ದಳು ಆಯಿ. ಗೋಕಾಕ ಫಾಲ್ಸಿನ ತೂಗುಸೇತುವೆಯ ನಡುವೆ, ಕೆಳಗೆ ಕೆಂಪು ನೀರು ಧಡಧಡ ಬೀಳುತ್ತಿರುವಾಗ, ತುಂತುರು ನಮ್ಮ ಮುಖಕ್ಕೆ ಹಾರುತ್ತಿರುವಾಗ ಅವಳಿಗೆ ಆ ಕಥೆ ನೆನಪಾಗುತ್ತಿತ್ತು, ಒಬ್ಬ ಸಾಹುಕಾರನ ಮಗಳು, ಅವಳ ಜೀವ ಇದ್ದದ್ದು ಉಪ್ಪಿನ ಹರಳಿನಲ್ಲಿ, ತಮ್ಮನು ಅದನ್ನು ಮುಷ್ಟಿಯಲ್ಲಿ ಹಿಡಿದು ಊರೂರು ಅಲೆಯುತ್ತಾನೆ, ಮಳೆ ಬಂದರೆ ಬಿಗಿ ಹಿಡಿಯಬೇಕು, ಕೈ ಬೆವತರೆ ಬಿಚ್ಚಿ ಊದಬೇಕು, ನಾನು ನನ್ನ ಖಾಲಿ ಮುಷ್ಟಿಯನ್ನು ಸೇತುವೆ ದಾಟುವ ತನಕ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ರಾತ್ರಿ ಹಾಸಿಗೆಯಲ್ಲಿ ಮತ್ತೆ ಕೇಳುತ್ತಿದ್ದೆ, ಮುಂದ ಏನಾತ ಆಯಿ? ಮುಂದ ಆ ಹುಡುಗಗ ನಿದ್ದಿ ಬಂತು, ನಿನಗೂ ಬಂತು, ಮಲಕ್ಕೋ. ಕಥೆಯ ಕೊನೆಯನ್ನು ಅವಳು ಒಮ್ಮೆಯೂ ಹೇಳಲಿಲ್ಲ.

ಪುಣೆಯ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಕೊನೆಗೆ ನಾನೇ ಅದನ್ನು ಕಟ್ಟಲು ನೋಡಿದೆ, ತಮ್ಮ ಅರಿಹಂತನ ಮೈಯಿಂದ ತೆಗೆದ ಮಜ್ಜೆ ಚೀಲದಲ್ಲಿ ನೇತಾಡುತ್ತಿತ್ತು, ತಿಳಿಸಾರಿನ ಕೆಂಪು, ಹನಿ ಹನಿಯಾಗಿ ಎದೆಯ ನಳಿಕೆಯೊಳಗೆ ಇಳಿಯುತ್ತಿತ್ತು, ರೋಗ ಹಿಡಿದ ನನ್ನ ಮಜ್ಜೆಯನ್ನೆಲ್ಲ ಔಷಧಿಯಲ್ಲಿ ಸುಟ್ಟುಹಾಕಿದ್ದರು, ಇನ್ನು ಇವನದೇ ಮೊಳೆಯಬೇಕು, ಗಾಜಿನಾಚೆಯಿಂದ ಫೋನಿನಲ್ಲಿ ಅವನು, ಅಕ್ಕಾ, ನನ್ನ ರಕ್ತ ಬಂತಂದ್ರ ಇನ್ನ ನೀನೂ ಗಣಿತದಾಗ ಫೇಲ್ ನೋಡ, ನಗಲು ಹೋದರೆ ಬಾಯೆಲ್ಲ ಹುಣ್ಣು, ನಕ್ಕದ್ದು ರಕ್ತವಾಗಿ ಬಂತು. ಬದುಕಿದೆ. ಬದುಕಿದ್ದಕ್ಕೆ ಯಾರಿಗೆ ಕೈಮುಗಿಯಬೇಕೋ ತಿಳಿಯದೆ ಕೈಗಳು ಹಾಗೇ ಉಳಿದಿವೆ, ಡಾಕ್ಟರಿಗೆ ಮುಗಿದರೆ ತಮ್ಮಗ ಹೇಳವಾ ಅಂದರು, ತಮ್ಮನಿಗೆ ಹೇಳಿದರೆ ಹೋಗ, ನಾ ಬರೇ ಮಲಗಿದ್ನಿ, ಅವ್ರ ತಗೊಂಡ್ರು ಅಂದ, ಭಗವಂತನಿಗೆ ಹೇಳೋಣವೆಂದರೆ ಆಯಿಯೇ ಚಿಕ್ಕಂದಿನಲ್ಲಿ ಬಸದಿಯ ಮುಂದೆ ಕೂರಿಸಿಕೊಂಡು ಕಲಿಸಿದ್ದಾಳೆ, ಆಂವ ಯಾರಿಗೂ ಏನೂ ಕೊಡೂದಿಲ್ಲವಾ, ಯಾರದೂ ಕಸಗೋಳೂದಿಲ್ಲ, ಸುಮ್ನ ಕುಂತಾನ, ನೋಡಿ ನಾವು ಸುಮ್ನ ಕೂಡೂದ ಕಲೀಬೇಕು — ಹಾಗಿದ್ದ ಮೇಲೆ ನೀನೇಕೆ ಸುಮ್ಮನೆ ಕೂರಲಿಲ್ಲ ಆಯಿ, ನಾನು ಫೋನಿನಲ್ಲಿ ಅತ್ತದ್ದು ಇಷ್ಟೇ, ಏನ ತಿಂದ್ರೂ ಸಪ್ಪಗ ಆಯಿ, ಮಣ್ಣ ತಿಂದಂಗ ಆಗತೈತಿ, ಮರುದಿನವೇ ಬಸದಿಗೆ ಹೋಗಿ ಉಪ್ಪು ಬಿಟ್ಟು ಬಂದಿದ್ದಳು, ಮೊಮ್ಮಗಳು ಪ್ರಣಿತಾ ಮನಿಗಿ ಬಂದು ತನ್ನ ಕೈಲೇ ನನ್ನ ಬಾಯಾಗ ಉಪ್ಪ ಇಡೂತನ ನೇಮ, ಯಾಕ ಹಿಂಗ ಮಾಡಿದಿ ಅಂದರೆ ನಕ್ಕಳು, ನಿನ್ನ ಬಾಯಿ ಸಪ್ಪಗಿರೂ ಮುಂದ ನನಗ್ಯಾಕವಾ ರುಚಿ. ಅದು ಯಾರಿಗೆ ಕೊಟ್ಟದ್ದು, ಯಾರೂ ಬೇಡಿರಲಿಲ್ಲ, ಯಾರೂ ತೆಗೆದುಕೊಳ್ಳುವವರಿಲ್ಲ, ಅಪ್ಪ ತೀರಿದ ಮೇಲೆ ಹುಕ್ಕೇರಿಯ ಮನೆಯಲ್ಲಿ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು ಸಪ್ಪನೆ ರೊಟ್ಟಿ, ಸಪ್ಪನೆ ಬೇಳೆ ನುಂಗುತ್ತ ನನ್ನ ದಾರಿ ಕಾದಳು.

ಮತ್ತೆ ನಾನು ಬಂದೆ, ಬಂದರೂ ಬರಲಿಲ್ಲ, ಅವ್ವನ ಮನೆಯ ಈ ಮಾಳಿಗೆಯ ಕೋಣೆ, ಕಾಯಿಸಿ ಸೋಸಿದ ನೀರು, ಬಾಯಿಗೆ ಬಟ್ಟೆ, ಕೆಮ್ಮಿದ್ದವ್ರನ್ನ ಬಾಜೂಕೂ ಬಿಡಬ್ಯಾಡ್ರಿ ಅಂದಿದ್ದರು ಪುಣೆಯಲ್ಲಿ, ಆಯಿಗೆ ಶ್ರಾವಣದಿಂದ ಕೆಮ್ಮು, ಅವ್ವ ಫೋನಿನಲ್ಲಿ, ಇನ್ನ ಸ್ವಲ್ಪ ತಡೀರಿ ಅತ್ತಿ, ತಡೀರಿ — ತಡೆಯುತ್ತ ತಡೆಯುತ್ತ ಆಯಿ ನಡೆಯುವಾಗ ಜೋಲಿ ಹೊಡೆಯತೊಡಗಿದಳು, ಸತ್ತ ತಂಗಿಯನ್ನು ಹೆಸರು ಹಿಡಿದು ಕರೆಯತೊಡಗಿದಳು, ಮುದುಕಿಗಿ ಮೈಯಾಗ ಉಪ್ಪ ಇಳದೈತ್ರಿ ಅಂದರಂತೆ ಹುಕ್ಕೇರಿಯ ಡಾಕ್ಟರು, ಸಲೈನ್ ಹಚ್ಚಿದರೆ ಕಂಪೌಂಡರು ಸುಮ್ಮನಿರದೆ, ಅಜ್ಜಿ, ಇದರಾಗ ಉಪ್ಪ ಐತಿ, ಈಗ ಹುಷಾರ ಆಕ್ಕೀರಿ ಅಂದ, ಅಷ್ಟು ಸಾಕಾಯಿತು, ಸೂಜಿ ಕಿತ್ತು ಒಗೆದಳು, ಹಾಸಿಗೆಯೆಲ್ಲ ನೆತ್ತರು. ಕೆಳಗೆ ಜೀಪಿನ ಸದ್ದು. ಬಂದರು. ಬಿಸಿಲು ಹಿಡಿಕೆ ದಾಟಿದೆ. ಕಾಕಾ ಅವ್ವನನ್ನು ಬೇಡಿಕೊಳ್ಳುತ್ತಿದ್ದಾನೆ, ವೈನೀ, ಒಂದ ಸಲ ಕೆಳಗ ಬರಲಿ, ಹರಳ ಬಾಯಾಗ ಇಟ್ಟ ಹೋಗಲಿ, ಅವ್ವ ಮೆಟ್ಟಿಲ ಬುಡದಲ್ಲಿ ಎರಡೂ ಕೈ ಚಾಚಿ ನಿಂತಿರಬೇಕು, ದನಿ ಹಾಗಿದೆ, ಅತ್ತಿಗಿ ಎಂಬತ್ತಾತ್ರಿ, ನನ್ನ ಮಗಳಿಗಿ ಇಪ್ಪತ್ತೊಂದು, ಯಾರನ್ನ ಆರಿಸಲಿ ಹೇಳ್ರಿ, ನೀವ ಹೇಳ್ರಿ — ನಾನು ಇಳಿಯುತ್ತಿದ್ದೇನೆ, ಗೋಡೆ ಹಿಡಿಯಲು ಒಂದೇ ಕೈ, ಇನ್ನೊಂದರಲ್ಲಿ ಅದು, ಅವ್ವನ ಕೈಯ ಕೆಳಗೆ ನುಸುಳುತ್ತೇನೆ, ಪ್ರಣಿತಾ, ಹುಚ್ಚಿ, ಸಾಯಾಕ ಹೊಂಟಿ ಏನ, ಅವ್ವ ನನ್ನನ್ನು ಮುಟ್ಟಿ ತಡೆಯಲಾರಳು, ಕೈ ತೊಳೆದಿಲ್ಲ ಅವಳು, ಆ ಭಯವೇ ನನಗೆ ದಾರಿ ಬಿಟ್ಟಿತು.

ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಾಳೆ ಆಯಿ, ಇಷ್ಟೇ ಇಷ್ಟು, ಒಣಹಾಕಿದ ಸೀರೆಯ ಹಾಗೆ, ಬಾಗಿಲ ಬೆಳಕು ಅವಳ ಮಡಿಲಿನಲ್ಲಿ ಇನ್ನೂ ಒಂದು ಗೇಣು ಉಳಿದಿದೆ, ಅವಳಿಗೆ ನನ್ನ ಮುಖ ಕಾಣಲೆಂದು ಬಾಯಿಯ ಬಟ್ಟೆ ಕಿತ್ತು ಕುತ್ತಿಗೆಗೆ ಇಳಿಸಿದೆ, ಅವಳ ಕೆಮ್ಮು ನನ್ನ ಕೆನ್ನೆಗೆ ತಾಗಿತು, ತಾಗಲಿ, ಆಯಿ, ಬಾಯಿ ತಗಿ, ಹರಳನ್ನು ತುಟಿಗೆ ಒಯ್ದೆ — ಕಣ್ಣು ಕಿರಿದು ಮಾಡಿ ನೋಡಿದಳು, ಗುಳಿಗೆಗೆ ಊದಿಕೊಂಡ ಕೆನ್ನೆ, ಕಪ್ಪಿಟ್ಟ ಮೈ, ಈಗಷ್ಟೇ ಚಿಗುರಿದ ಗಿಡ್ಡ ಕೂದಲು, ಎದೆಯ ಗಾಯಕ್ಕೆ ಮೆತ್ತಗಿರಲೆಂದು ನಾನು ತೊಟ್ಟ ಅರಿಹಂತನ ಹಳೆಯ ಅಂಗಿ — ನಕ್ಕಳು, ಅರಿಹಂತಾ, ಬಂದ್ಯಾ, ದಪ್ಪ ಆಗೀಯಲ್ಲೋ, ಅಕ್ಕ ಎಲ್ಲಿ? ನಾನ ಆಯಿ, ಪ್ರಣಿತಾ, ಹುಣ್ಣು ಮಾಗಿದರೂ ಗಂಟಲು ಒಡೆದಿದೆ, ಗಂಡು ದನಿ, ಏ, ಮುದುಕಿಗಿ ಚ್ಯಾಷ್ಟಿ ಮಾಡ್ತಿ ಏನ ಮಂಗ್ಯಾ, ಹೋಗ, ಆಕೀನ ಕರಿ, ಆಕಿ ಕೈಲೇ ತಿನ್ನಾಕಿ ನಾ, ತುಟಿ ಬಿಗಿದುಕೊಂಡಳು, ಕಾಕಾ ಆಯಿಯ ಕಿವಿಯ ಬಳಿ ಕೂಗಿದ, ಅವ್ವಾ, ಖರೇನ ಆಕೀನ ಅದಾಳ, ನನ್ನ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು, ಬೆಳಕು ಮಡಿಲಿನಿಂದ ಮಂಡಿಗೆ ಜಾರಿತು, ನಾನು ಕಥೆ ಹೇಳಿದೆ, ನಮ್ಮಿಬ್ಬರಿಗಲ್ಲದೆ ಯಾರಿಗೂ ಗೊತ್ತಿರದ ಕಥೆ, ಒಬ್ಬ ಸಾಹುಕಾರನ ಮಗಳು ಆಯಿ, ಆಕಿ ಜೀವ ಉಪ್ಪಿನ ಹರಳಿನಾಗ, ಸೇತುವಿ ಮ್ಯಾಲ, ನೆನಪೈತಿಲ್ಲೋ — ಕಣ್ಣರಳಿಸಿದಳು, ನಿನಗೂ ಹೇಳ್ಯಾಳೇನ ಅಕ್ಕ ಆ ಕತಿ, ಅಂದಳು. ಬೆಳಕು ಮಂಡಿಯಿಂದ ನೆಲಕ್ಕೆ, ನೆಲದಿಂದ ಹೊಸ್ತಿಲಿಗೆ, ಹೊಸ್ತಿಲಾಚೆ ಬೇವಿನ ತುದಿಗೆ, ತುದಿಯಿಂದ ಎಲ್ಲಿಗೋ. ಹೊತ್ತ ಮುಳಗಿತು, ಅಂದ ಕಾಕಾ ಯಾರಿಗೂ ಅಲ್ಲದ ಹಾಗೆ. ನಾಳೆ ಬೆಳಗಿನ ತನಕ ಏನೂ ಇಲ್ಲ, ನಾಳೆ ಬೆಳಗು ಅವಳಿಗೆ ಇದೆಯೋ ಇಲ್ಲವೋ, ಆಯಿ ತಣ್ಣಗಿನ ಬೆರಳುಗಳಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು, ಹರಳಿನ ಮೇಲೆ, ಮುಚ್ಚ, ಅಂದಳು, ಅಕ್ಕ ಬರೂತನ ಗಟ್ಟಿ ಹಿಡ್ಕೋ, ಕರಗೀತು, ನಿದ್ದಿ ಮಾಡಬ್ಯಾಡ ಮತ್ತ — ಹಿಡಿದಿದ್ದೇನೆ ಆಯಿ, ಹಿಡಿದಿದ್ದೇನೆ, ಕೈ ಬೆವರುತ್ತಿದೆ, ಊದಬೇಕು, ಬಿಚ್ಚಬೇಕು, ಬಿಚ್ಚಲಾರೆ, ಮುಷ್ಟಿಯೊಳಗೆ ಒದ್ದೆ, ಹರಳು, ಇನ್ನೂ ಚುಚ್ಚುತ್ತಿದೆ, ಹರಳು