ರೊಟ್ಟಿ ಕೂರಿಸಿ ನೋಡಿದ ಕಾರು

ರೇವವ್ವ ತನ್ನ ಐವತ್ತೆರಡು ವರ್ಷಗಳಲ್ಲಿ ಪರೀಕ್ಷೆ ಮಾಡದೆ ಯಾವ ಸಾಮಾನನ್ನೂ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಗಡಿಗೆಯನ್ನು ಬಾರಿಸಿ ನೋಡುತ್ತಿದ್ದಳು, ಜೋಳವನ್ನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದಳು. ಮಗ ಅಮಿತನಿಗೆ ಹೆಣ್ಣು ನೋಡಲು ಇಂಡಿಗೆ ಹೋದಾಗ ಸೀದಾ ಅವರ ಅಡುಗೆಮನೆಗೆ ನುಗ್ಗಿ, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿ ಬಂದಿದ್ದಳು. ಆ ಕಥೆಯನ್ನು ಸೊಸೆ ಮಾಲಾ ಈಗಲೂ ನಗುತ್ತ ಹೇಳುತ್ತಾಳೆ, ಆದರೆ ಆ ನಗೆ ಪೂರ್ತಿ ನಗೆಯಲ್ಲ. ಇಂಥ ಹೆಂಗಸಿಗೆ ಕಾರು ಕೊಳ್ಳುವ ಕಾಲ ಬಂತು. ಓಣಿಯವರೆಲ್ಲ ಮೋಜು ನೋಡಲು ಕಾದು ನಿಂತರು.

ಕಾರು ಬೇಕಾದದ್ದು ಮೆರೆಯುವುದಕ್ಕಲ್ಲ, ರೊಟ್ಟಿಗೆ. ಸಿಂದಗಿಯ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ರೇವವ್ವನ ಪಡಸಾಲೆಯಿದೆ. ಅಲ್ಲಿ ಆರು ಹೆಂಗಸರು ಬೆಳಗಿನಿಂದ ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಣಗಿ ಖಡಕ್ ಆದ ರೊಟ್ಟಿಯನ್ನು ನೂರರಂತೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಬಸ್ಸಿಗೆ ಹಾಕಿ ಮುದ್ದೇಬಿಹಾಳದ ಶಂಕರೆಪ್ಪನ ಖಾನಾವಳಿಗೆ ಕಳಿಸುವುದು ಹತ್ತು ವರ್ಷದ ರೂಢಿ. ದಿನಕ್ಕೆ ಮುನ್ನೂರು. ಆದರೆ ಬಸ್ಸಿನ ಟಾಪಿನ ಮೇಲೆ ರೊಟ್ಟಿಯೊಂದೇ ಹೋಗುತ್ತದೆಯೆ? ಅದರ ಮೇಲೆ ಯಾರದೋ ಗೊಬ್ಬರದ ಚೀಲ, ಚೀಲದ ಮೇಲೆ ಯಾರದೋ ಸೈಕಲ್ಲು. ಕೆಳಗೆ ಆ ರಸ್ತೆ. ತಾಳಿಕೋಟೆ ದಾಟುವಷ್ಟರಲ್ಲಿ ಮೇಲಿನದು ಕೆಳಗೆ, ಕೆಳಗಿನದು ಚೂರು.

2003ರ ಚಳಿಗಾಲದಲ್ಲಿ ಒಂದು ದಿನ ಅಮಿತನ ಎಸ್‌ಟಿಡಿ ಅಂಗಡಿಗೆ ಶಂಕರೆಪ್ಪನ ಫೋನು ಬಂತು. ರೇವವ್ವ ರಟ್ಟೆಗೆ ಹತ್ತಿದ ಹಿಟ್ಟಿನ ಸಮೇತ ಓಡಿ ಬಂದಳು.

“ರೇವವ್ವಾ, ಇವತ್ತ ಎಂಬತ್ತು ಮುರದಾವ,” ಎಂದ ಶಂಕರೆಪ್ಪ. “ತಾಟಿನಾಗ ಚೂರು ಹಾಕಿದ್ರ ಗಿರಾಕಿ ಏನಂತಾರ? ನಿನ್ನೆ ಉಳದದ್ದ ತಂದು ಬಡಸಾಕತ್ತೀ ಅಂತಾರ. ನಾ ಎಷ್ಟಂತ ಬೈಸ್ಕೊಳ್ಳಲಿ? ಈ ಅಮಾಸಿ ಬಿಡು, ಮುಂದಿನ ಅಮಾಸಿ ತನಕ ನೋಡ್ತೇನಿ. ಆಮ್ಯಾಲ ತಾಳಿಕೋಟಿಯವನ ಮಷಿನ್ ರೊಟ್ಟಿ ತಗೋತೇನಿ. ಅಂವ ತನ್ನ ಗಾಡ್ಯಾಗ ತಂದು ಕೊಡ್ತಾನ.”

“ಅಣ್ಣಾರ, ಮಷಿನ್ ರೊಟ್ಟಿ ರೊಟ್ಟೀನರಿ?”

“ರುಚಿ ಇಲ್ಲ, ಖರೆ. ಆದ್ರ ಇಡೀ ಇರ್ತಾವ.”

ರೇವವ್ವ ಫೋನು ಇಟ್ಟಳು. ಶಂಕರೆಪ್ಪ ಕೈಬಿಟ್ಟರೆ ಆರು ಹೆಂಗಸರಲ್ಲಿ ನಾಲ್ವರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಸಗೀರಾ ಅದೇ ರೊಟ್ಟಿಯ ದುಡಿಮೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸುತ್ತಿದ್ದಳು. ಶೇವಂತೆವ್ವ ಈಗಷ್ಟೇ ಮನೆಗೆ ತಗಡಿನ ಪತ್ರಾಸು ಹೊದಿಸಿದ್ದಳು. ಅವರ ಮುಖ ನೋಡಿ “ನಾಳೆಯಿಂದ ಬರಬ್ಯಾಡ್ರಿ” ಎನ್ನುವುದನ್ನು ನೆನೆದೇ ರೇವವ್ವನಿಗೆ ಸಂಕಟವಾಯಿತು. ಆ ಸಂಜೆಯೇ ತೀರ್ಮಾನ ಮಾಡಿದಳು. ಹತ್ತು ವರ್ಷದ ಉಳಿತಾಯ ಒಂದು ಲಕ್ಷದ ಆಚೆಗೆ ಸ್ವಲ್ಪ ಇತ್ತು. ಅದರಲ್ಲಿ ಒಂದು ಸಣ್ಣ ಕಾರು. ಗಂಡ ಗುರಣ್ಣ ಕುರಿ ಕೂಡಿಸಿ ಬಂದವನು ಕೇಳಿಸಿಕೊಂಡು, “ನೀ ನೋಡೀದಿ ಅಂದ್ರ ಮುಗೀತು” ಎಂದು ಊಟಕ್ಕೆ ಕೂತ.

ಅಮಿತನಿಗೆ ಹೊಸದೇ ಬೇಕಾಗಿತ್ತು. ಇದ್ದ ದುಡ್ಡು ಮೊದಲು ಕಟ್ಟಿ ಉಳಿದದ್ದು ಕಂತು ಎಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ. ರೇವವ್ವ ಕಾಗದವನ್ನು ಮಡಚಿ ಒಲೆಯ ಪಕ್ಕ ಇಟ್ಟಳು.

“ಹೊಸಾದು ಹಳೇದು ಆಮ್ಯಾಲಿನ ಮಾತು. ಯಾವ ಗಾಡ್ಯಾಗ ರೊಟ್ಟಿ ಮುರಿಯಂಗಿಲ್ಲೋ ಆ ಗಾಡಿ ನಂದು.”

ಪರೀಕ್ಷೆ ಹೀಗಿತ್ತು. ಪ್ರತಿ ಕಾರಿನ ಹಿಂದಿನ ಸೀಟಿನಲ್ಲೂ ನೂರು ರೊಟ್ಟಿಯ ಗಂಟು ಇಡುವುದು. ಕೆಟ್ಟ ರಸ್ತೆ ಹುಡುಕಿ ಆರು ಮೈಲಿ ಓಡಿಸುವುದು. ಬಿಚ್ಚಿ ಎಣಿಸುವುದು. ಓಡಿಸಲು ಒಪ್ಪಿದವನು ಕಾಸಿಂಸಾಬ. ಸಿಂದಗಿಯಿಂದ ವಿಜಾಪುರಕ್ಕೆ ಸ್ವಂತ ಟ್ರ್ಯಾಕ್ಸ್ ಜೀಪು ಓಡಿಸುವ ನಲವತ್ತರ ಗಂಡಸು. ಅವನ ಟ್ರ್ಯಾಕ್ಸಿನಲ್ಲಿ ಕೂತವರು ಇಳಿದ ಮೇಲೆ ಮೊದಲು ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದರು, ತಗ್ಗು ಬಂದರೆ ಅವನು ಹಾರಿಸಿಯೇ ದಾಟುವವನು. ಇಂಥವನ ಕೈಯಲ್ಲಿ ಉಳಿದ ರೊಟ್ಟಿ ಯಾರ ಕೈಯಲ್ಲೂ ಉಳಿದೀತು ಎಂಬುದು ರೇವವ್ವನ ಎಣಿಕೆ.

ಮೊದಲು ವಿಜಾಪುರದ ಶೋರೂಮು. ಟೈ ಕಟ್ಟಿದ ಹುಡುಗ ಗಂಟು ನೋಡಿ ಗಾಬರಿಯಾದ.

“ಏನ್ರಿ ಇದು?”

“ರೊಟ್ಟಿ.”

“ಊಟ ಕಟ್ಕೊಂಡು ಬರೂದು ಬೇಕಾಗಿದ್ದಿಲ್ರಿ, ನಾವು ಚಾ ನಾಷ್ಟಾ ಕೊಡಸ್ತೇವಿ.”

“ನನ್ನ ಊಟ ಅಲ್ಲಪ್ಪಾ, ನಿನ್ನ ಗಾಡಿ ಪರೀಕ್ಷಾ,” ಎಂದು ರೇವವ್ವ ಗಂಟನ್ನು ಸೀಟಿನ ಮೇಲೆ ಕೂರಿಸಿ, ತಾನು ಪಕ್ಕದಲ್ಲಿ ಕೂತಳು. ಒಂದು ತಾಸಿನ ಮೇಲೆ ಬಿಚ್ಚಿ ಎಣಿಸಿದರೆ ನೂರಕ್ಕೆ ನೂರು ಇಡಿಯಾಗಿದ್ದವು. ಅಮಿತನ ಮುಖ ಅರಳಿತು.

ಮರುದಿನ ಇಂಡಿಯಲ್ಲಿ ಒಬ್ಬ ದಲಾಲಿಯ ಬಳಿ ಐದು ವರ್ಷದ ಕಾರು. ಮೇಣ ಬಳಿದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಲ್ಲಿಯೂ ನೂರಕ್ಕೆ ನೂರು. ಮೂರನೆಯದು ಬಸವನ ಬಾಗೇವಾಡಿಯಲ್ಲಿ, ನಿವೃತ್ತ ಮುಖ್ಯೋಪಾಧ್ಯಾಯಿನಿ ವಿದ್ಯಾವತಿಯವರ ಮನೆಯ ಬೇವಿನ ಮರದ ಕೆಳಗೆ ನಿಂತಿದ್ದ ಹತ್ತು ವರ್ಷದ ಬಿಳಿ ಮಾರುತಿ. ಬಿಳಿ ಎಂದು ಕಾಗದದಲ್ಲಿ ಬರೆದಿತ್ತು, ಕಣ್ಣಿಗೆ ಕಾಣುತ್ತಿದ್ದದ್ದು ಕೆನೆ ಬಣ್ಣ. ಎಡಗಡೆ ಒಂದು ಉದ್ದ ಗೀರು. ಅಮಿತ ಅದನ್ನು ನೋಡಿ ಕೆಳಗೇ ಇಳಿಯಲಿಲ್ಲ, ತಾನು ಬಂದ ಟ್ರ್ಯಾಕ್ಸಿನಲ್ಲೇ ಕೂತ. ಆರು ಮೈಲಿ ಮುಗಿಸಿ ಬಂದು ರೇವವ್ವ ಗಂಟು ಬಿಚ್ಚಿದಳು. ಅದರಲ್ಲೂ ಒಂದೂ ಮುರಿದಿರಲಿಲ್ಲ.

ಈಗ ಅವಳಿಗೆ ತಲೆ ಕೆಟ್ಟಿತು. ಎಲ್ಲರೂ ಪಾಸಾದರೆ ಅದೆಂಥ ಪರೀಕ್ಷೆ? ವಿದ್ಯಾವತಿಯವರ ಕಟ್ಟೆಯ ಮೇಲೆ ರೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೋತೆ ಎಂದು ಅವಳಿಗೆ ಅನ್ನಿಸಿದ್ದು ಬಹಳ ವರ್ಷದ ಮೇಲೆ ಅಂದೇ.

“ನೋಡಿದೇನವ್ವಾ? ಎಲ್ಲಾ ಒಂದ,” ಎಂದು ಅಮಿತ ಈಗ ಇಳಿದು ಬಂದ. “ಸುಮ್ನ ಹೊಸಾದ ತಗೊಳ್ಳೂಣು.”

ರೇವವ್ವ ಅವನ ಕಡೆ ನೋಡಲಿಲ್ಲ, ಒಳಗೆ ಗೋಡೆಯ ಮೇಲಿದ್ದ ಗಡಿಯಾರ ನೋಡಿದಳು. ಹೊರಟದ್ದು ಹತ್ತಕ್ಕೆ. ಈಗ ಹನ್ನೊಂದು.

“ಕಾಸಿಂಸಾಬ, ಆರು ಮೈಲಿಗೆ ಒಂದು ತಾಸು ಯಾಕ ಬೇಕಾತು?”

ಕಾಸಿಂಸಾಬ ತಲೆ ತುರಿಸಿಕೊಂಡ. “ತಗ್ಗು ಅದಾವಲ್ಲಕ್ಕಾ.”

“ನಿನಗ ಯಾವಾಗಿಂದ ತಗ್ಗು ಕಾಣಾಕತ್ವು?”

“ಹಿಂದ ರೊಟ್ಟಿ ಅದಾವು. ರೊಟ್ಟಿ ಇಟ್ಕೊಂಡು ಗಾಡಿ ಹೆಂಗ ಹಾರಸೂದಕ್ಕಾ? ಉಣ್ಣೂ ಅನ್ನ ಅದು. ಕೈ ಬರಂಗಿಲ್ಲ.”

“ದಿನಾ ಹದಿನೈದು ಮಂದಿನ್ನ ಹಾರಸ್ಕೋಂತ ಒಯ್ತಿ!”

“ಮಂದಿ ಮುರಿಯಂಗಿಲ್ಲಲ್ಲ,” ಎಂದ ಕಾಸಿಂಸಾಬ, ಬಹಳ ಪ್ರಾಮಾಣಿಕವಾಗಿ.

ವಿದ್ಯಾವತಿ ಬಾಯಿಗೆ ಸೆರಗು ಹಿಡಿದರು. ರೇವವ್ವನಿಗೂ ನಗು ತಡೆಯಲಾಗಲಿಲ್ಲ. ಆದರೂ ಬಿಡಲಿಲ್ಲ. ಹಿಂದೆ ರೊಟ್ಟಿಯಲ್ಲ, ಮಂದಿ ಕೂತಿದ್ದಾರೆ ಎಂದುಕೊಂಡು ಇನ್ನೊಮ್ಮೆ ಓಡಿಸು ಎಂದು ಅವನನ್ನು ಮತ್ತೆ ಕೂರಿಸಿದಳು. ಮೊದಲ ತಗ್ಗಿಗೇ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. “ಕಾಲು ಕೇಳವಲ್ತಕ್ಕಾ,” ಎಂದ ಅಳುಮೋರೆ ಮಾಡಿ. ಸಿಂದಗಿ ಸೀಮೆಯಲ್ಲಿ ಹುಟ್ಟಿದ ಯಾವ ಡ್ರೈವರನ ಕೈಗೆ ಕೊಟ್ಟಿದ್ದರೂ ಹೀಗೇ ಆಗುತ್ತಿತ್ತೋ ಏನೋ. ರೊಟ್ಟಿ ಹಿಂದೆ ಕೂತಿದ್ದನ್ನು ಕಣ್ಣಾರೆ ಕಂಡವನು ಗಾಡಿ ಕುಣಿಸಲಾರ.

ರೇವವ್ವ ಮತ್ತೆ ಕಟ್ಟೆಗೆ ಬಂದು ಕೂತಾಗ ಅವಳ ಮುಖದಲ್ಲಿ ಸೋಲಿರಲಿಲ್ಲ. ಮೂರು ದಿನ ಕಾರು ನೋಡುತ್ತೇನೆ ಅಂದುಕೊಂಡು ನೋಡಿದ್ದು ಡ್ರೈವರನನ್ನು. ರೊಟ್ಟಿ ಉಳಿಸಿದ್ದು ಯಾವ ಕಾರೂ ಅಲ್ಲ, ಕಾಸಿಂಸಾಬನ ಕಾಲು. ಹಾಗಾದರೆ ಅಗ್ಗದ್ದೇ ಸಾಕು. ಆದರೆ ಓಡಿಸುವವರು ಯಾರು?

“ನೀನ ಬಂದುಬಿಡು,” ಎಂದಳು.

“ನನ್ನ ಟ್ರ್ಯಾಕ್ಸ್ ಯಾರಿಗಿ ಬಿಡಲಿ? ಮನಿ ಅದರ ಮ್ಯಾಲ ನಡದೈತಿ,” ಎಂದ ಅವನು. ಅದು ನ್ಯಾಯವಾದ ಮಾತು.

ಪಗಾರದ ಡ್ರೈವರು ಒಂದು ವಾರ ನೋಡಿ ಓಡಿಸಿಯಾನು, ಎರಡನೆಯ ವಾರ ಊಟಕ್ಕೆ ಮನೆ ಸೇರುವ ಅವಸರಕ್ಕೆ ಬೀಳುತ್ತಾನೆ. ಅಮಿತ ಹೋದ ತಿಂಗಳು ಮೋಟರ್ ಸೈಕಲ್ಲಿನ ಮೇಲೆ ಮೂವತ್ತು ತತ್ತಿ ತಂದು ಹನ್ನೊಂದನ್ನು ಮನೆ ಮುಟ್ಟಿಸಿದವನು. ರೇವವ್ವ ಎದ್ದು ಹೋಗಿ ಆ ಕೆನೆ ಬಣ್ಣದ ಕಾರಿನ ಬಾಗಿಲು ತೆಗೆದಳು. ಸ್ಟಿಯರಿಂಗಿನ ಮುಂದೆ ಕೂತಳು. ಅವಳು ಐದಡಿಯೂ ಇಲ್ಲದ ಹೆಂಗಸು. ಆದರೂ ಕಾಲು ಮುಟ್ಟಿತು, ಮುಂದಿನ ರಸ್ತೆ ಕಂಡಿತು. ಸೀಟಿನ ಮೇಲೆ ಹತ್ತಿ ತುಂಬಿದ ದಪ್ಪ ಗಾದಿಯೊಂದಿತ್ತು. ತಿರುಗಿ ನೋಡಿದರೆ ವಿದ್ಯಾವತಿಯವರೂ ತನ್ನಷ್ಟೇ ಎತ್ತರ.

“ಅಕ್ಕೋರ, ಇದನ್ನ ನೀವ ಹೊಡೀತಿದ್ರೇನ್ರಿ?”

“ಮತ್ತ? ಎಂಟು ವರ್ಷ ಸಾಲಿಗೆ ಇದರಾಗ ಹೋಗೀನಿ. ಈಗ ಕಣ್ಣಿಗಿ ಪರದೆ ಬಂದೈತಿ ಅಂತ ಮಾರಾಕತ್ತೇನಿ.”

“ಎಷ್ಟು ದಿನಕ್ಕ ಕಲ್ತ್ರಿ?”

“ಒಂದು ತಿಂಗಳು. ಎರಡು ಬೇಲಿ, ಒಂದು ನಳದ ಕಟ್ಟಿ ಕೆಡವೇನಿ. ಆ ಗೀರು ಅದರದ್ದ.”

ರೇವವ್ವ ಗೀರನ್ನು ಬೆರಳಿನಿಂದ ಸವರಿದಳು. “ಅಂದ್ರ ನಾ ಹೊಸಾದೊಂದು ಗೀರಿದ್ರ ಯಾರಿಗೂ ಗೊತ್ತಾಗಂಗಿಲ್ಲ.”

ಅಮಿತನಿಗೆ ಅರ್ಥವಾದದ್ದೇ ಆಗ. “ಅವ್ವಾ, ನೀನ? ಊರ ಮಂದಿ ನಗ್ತಾರ.”

“ನಗಲಿ. ನಾ ರೊಟ್ಟಿ ಮಾರಾಕ ನಿಂತಾಗೂ ನಕ್ಕಾರ. ಅವರ ಪೈಕಿ ನಾಕು ಮಂದಿ ಈಗ ನಮ್ಮನಿ ರೊಟ್ಟೀನ ತಿಂತಾರ.”

ವಿದ್ಯಾವತಿ ಎಪ್ಪತ್ತು ಸಾವಿರ ಅಂದರು. ಅರವತ್ತೈದಕ್ಕೆ ಮಾತಾಯಿತು. ಗಾದಿಯನ್ನೂ ಕಾರಿನ ಜೊತೆ ಬಿಟ್ಟುಕೊಟ್ಟರು, ಬದಲಿಗೆ ರೊಟ್ಟಿಯ ಗಂಟನ್ನು ರೇವವ್ವ ಅವರಿಗೆ ಬಿಟ್ಟು ಬಂದಳು.

ಆಮೇಲಿನ ಒಂದು ತಿಂಗಳ ಕಥೆಯನ್ನು ಸಿಂದಗಿಯ ಮಾರುಕಟ್ಟೆ ಪ್ರಾಂಗಣದ ಹಮಾಲರನ್ನು ಕೇಳಬೇಕು. ಬೆಳಗಾಗುತ್ತಲೇ ಕಾಸಿಂಸಾಬ ತನ್ನ ಮೊದಲ ಟ್ರಿಪ್ಪಿಗೆ ಮುಂಚೆ ಒಂದು ತಾಸು ಕಲಿಸುತ್ತಿದ್ದ. ಮೂರನೆಯ ದಿನ ಕಾರು ತೊಗರಿ ಹೊಟ್ಟಿನ ರಾಶಿಯೊಳಗೆ ಹೊಕ್ಕು ನಿಂತಿತು. ಸೀರೆ ಜಾಡಿಸಿಕೊಂಡು ಇಳಿದ ರೇವವ್ವ ಹಮಾಲರ ಎದುರೇ, “ಮೆತ್ತಗಿನ ಜಾಗಾ ನೋಡೇ ಹೊಕ್ಕೇನಿ” ಎಂದು ಮತ್ತೆ ಹತ್ತಿದಳು. ರಿವರ್ಸ್ ಮಾತ್ರ ಬಹಳ ಕಾಡಿತು. ಒಂದು ದಿನ ಕಾರು ಹಿಂದೆ ಹೋಗಿ ಅಡತಿ ಅಂಗಡಿಯ ಗಲ್ಲಾಪೆಟ್ಟಿಗೆಯವನ ಕುರ್ಚಿ ಮುರಿದಾಗ ಅವಳಿಗೆ ನಿಜಕ್ಕೂ ಅಳು ಬಂತು. ಕಣ್ಣೊರೆಸಿಕೊಂಡು, ಕುರ್ಚಿಯ ದುಡ್ಡು ಕೊಟ್ಟು, ಮರುದಿನ ಬಂದಳು. ಕಲಿಯುವವರ ಲೈಸೆನ್ಸ್ ಮಾಡಿಸಲು ವಿಜಾಪುರಕ್ಕೆ ಹೋದಾಗ ಅಲ್ಲಿಯವರು ಎರಡೆರಡು ಸಲ ಕೇಳಿದರು, ಯಾರ ಹೆಸರಿಗೆ ಎಂದು. ಅವಳು ಎರಡು ಸಲವೂ ತನ್ನ ಹೆಸರು ಹೇಳಿದಳು.

ಶಂಕರೆಪ್ಪ ಗಡುವು ಕೊಟ್ಟ ಅಮಾವಾಸ್ಯೆಯ ಹಿಂದಿನ ದಿನ ಬೆಳಗಿನ ಐದೂವರೆಗೆ ಮೂರು ಗಂಟು ಹಿಂದಿನ ಸೀಟಿನಲ್ಲಿ ಕೂತವು. ಸಗೀರಾ ಅವುಗಳ ಕೆಳಗೆ ಕೌದಿ ಹಾಸಿದ್ದಳು. ಕಾಸಿಂಸಾಬ ಒಂದು ದಿನದ ಟ್ರಿಪ್ಪು ಬಿಟ್ಟು ಪಕ್ಕದಲ್ಲಿ ಕೂತ. ರೇವವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇರು ಹಾಕಿದಳು.

ಲಾರಿಗಳು ದಾಟಿ ಹೋದವು, ಬಸ್ಸು ದಾಟಿ ಹೋಯಿತು. ಸೈಕಲ್ಲಿನವನೊಬ್ಬ ಸ್ವಲ್ಪ ದೂರ ಜೊತೆಯಲ್ಲೇ ಬಂದು, ಒಳಗೆ ಇಣುಕಿ ನೋಡಿ ಮುಂದೆ ಹೋದ. ಅವಳು ಮೂವತ್ತರ ಮೇಲೆ ಮುಳ್ಳು ಏರಿಸಲಿಲ್ಲ. ತಾಳಿಕೋಟೆ ದಾಟಿದ ಮೇಲೆ ರಸ್ತೆ ಪೂರ್ತಿ ಕಿತ್ತು ಹೋಗಿದ್ದ ಕಡೆ ಕಾಸಿಂಸಾಬನ ಕೈ ಹ್ಯಾಂಡ್ ಬ್ರೇಕಿನ ಕಡೆ ಸರಿಯಿತು.

“ಕೈ ತಗಿ,” ಎಂದಳು ರೇವವ್ವ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. ಅವನು ತೆಗೆದ. ಕಾರು ಒಂದೊಂದೇ ಚಕ್ರ ಇಳಿಸಿ ಒಂದೊಂದೇ ಚಕ್ರ ಏರಿಸಿ ಆ ಜಾಗ ದಾಟಿತು. ಅವಳ ಬೆನ್ನು ಬೆವರಿನಲ್ಲಿ ತೊಯ್ದಿತ್ತು, ಆದರೆ ಮನಸ್ಸು ಇಷ್ಟು ಹಗುರಾಗಿದ್ದದ್ದು ಅವಳಿಗೆ ನೆನಪಿರಲಿಲ್ಲ.

ಮುದ್ದೇಬಿಹಾಳ ಮುಟ್ಟಿದಾಗ ಒಂಬತ್ತು. ಶಂಕರೆಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಮೊದಲು ಕಾಸಿಂಸಾಬನನ್ನು ನೋಡಿದ, ಅವನು ಇಳಿದ ಬಾಗಿಲು ನೋಡಿದ, ಆಮೇಲೆ ಸ್ಟಿಯರಿಂಗ್ ಹಿಡಿದು ಕೂತವಳನ್ನು ನೋಡಿದ. ಗಂಟು ಬಿಚ್ಚಿ ತಾನೇ ಎಣಿಸಿದ. ಮುನ್ನೂರರಲ್ಲಿ ಎರಡು ಮುರಿದಿದ್ದವು.

“ತಾಳಿಕೋಟಿಯವಗ ಬರಬ್ಯಾಡ ಅಂತ ಇವತ್ತ ಹೇಳ್ತೇನಿ,” ಎಂದ. “ಒಳಗ ಬಾರವ್ವಾ, ಊಟಾ ಮಾಡು.”

ರೇವವ್ವ ಒಳಗೆ ಹೋಗಿ ಗೋಡೆಯ ಪಕ್ಕದ ಬಾಕಿನ ಮೇಲೆ ಕೂತಳು. ಹತ್ತು ವರ್ಷ ಇಲ್ಲಿಗೆ ರೊಟ್ಟಿ ಕಳಿಸಿದ್ದಳು, ಒಮ್ಮೆಯೂ ಬಂದಿರಲಿಲ್ಲ. ಸಂತೆಗೆ ಬಂದ ರೈತರು, ಹಮಾಲರು, ಕೋರ್ಟಿಗೆ ಬಂದವರು ಸಾಲಾಗಿ ಕೂತಿದ್ದರು. ಮಾಣಿ ಅವಳ ರೊಟ್ಟಿಗಳನ್ನು ತಾಟಿಗೆ ಒಂದೊಂದರಂತೆ ಇಟ್ಟು ಹೋದ, ಅಗಲವಾಗಿ, ಇಡಿಯಾಗಿ. ಎದುರಿಗೆ ಕೂತ ಮುದುಕನೊಬ್ಬ ರೊಟ್ಟಿಯನ್ನು ಎತ್ತಿ, ಅಂಗೈಯಲ್ಲಿಟ್ಟು, ಮೇಲೊಂದು ಗುದ್ದು ಕೊಟ್ಟ. ಲಟಕ್ಕೆಂದು ಮುರಿಯಿತು. ಆಚೆಯವನೂ ಮುರಿದ, ಅವನಾಚೆಯವನೂ. ನೋಡುನೋಡುತ್ತ ಖಾನಾವಳಿಯ ತುಂಬ ಅದೇ ಸಪ್ಪಳ. ಮುದುಕ ಚೂರನ್ನು ಬದನೆಕಾಯಿ ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದ.

ರೇವವ್ವ ತನ್ನ ತಾಟು ಮುಟ್ಟುವುದನ್ನೇ ಮರೆತು ಅವನನ್ನು ನೋಡುತ್ತ ಕೂತಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಮುದುಕ ಕಣ್ಣು ತೆರೆದು, ಗುರುತಿಲ್ಲದ ಹೆಂಗಸು ತನ್ನನ್ನೇ ನೋಡುತ್ತಿರುವುದನ್ನು ಕಂಡು ಗಲಿಬಿಲಿಗೊಂಡು, “ಉಣ್ಣವ್ವಾ, ರೊಟ್ಟಿ ಚಲೋ ಅದಾವು,” ಎಂದ.

“ಹೌದ್ರಿ,” ಎಂದಳು ರೇವವ್ವ. “ನಾನ ತಂದೀನಿ.”